ವರ್ತಕನ ವಿಳಾಸ

ವ್ಯಾಪಾರವು ಸಂತೆಯ ಎಲ್ಲೆಯನ್ನು ಮೀರಿ, ಕೊಳ್ಳುವವನೂ ಮಾರುವವನೂ ಪರಸ್ಪರ ಮುಖ ನೋಡದೆ ವ್ಯವಹರಿಸುವ ಸ್ಥಿತಿಗೆ ಬಂದಂದಿನಿಂದ, ವರ್ತಕನ ವಿಳಾಸವೆಂಬುದು ಅವನ ಸರಕಿನಷ್ಟೇ ಮುಖ್ಯವಾದ ವಸ್ತುವಾಯಿತು. ಸಂತೆಯಲ್ಲಿ ಬಟ್ಟೆ ಕೊಂಡವನು, ಬಣ್ಣ ಬಿಟ್ಟರೆ, ಮುಂದಿನ ವಾರ ಅದೇ ಜಾಗದಲ್ಲಿ ಅದೇ ಮನುಷ್ಯನನ್ನು ನಿಲ್ಲಿಸಿ ಕೇಳಬಲ್ಲನು. ಅಂಚೆಯಿಂದ ತರಿಸಿಕೊಂಡವನಿಗೆ ಕಾಗದದ ಮೇಲೆ ಅಚ್ಚಾದ ಎರಡು ಸಾಲುಗಳ ಹೊರತು ಬೇರೆ ಆಧಾರವಿಲ್ಲ. ನಮ್ಮ ದೇಶದಲ್ಲಿ 1877ರಲ್ಲಿ ವಿ.ಪಿ.ಪಿ. ಪದ್ಧತಿ ಜಾರಿಗೆ ಬಂದು, ಮನೆಯ ಜಗುಲಿಯಲ್ಲಿಯೇ ಹಣ ತೆತ್ತು ಸರಕು ಬಿಡಿಸಿಕೊಳ್ಳುವುದು ಸಾಧ್ಯವಾದ ಮೇಲೆ, ಪತ್ರಿಕೆಗಳ ಜಾಹೀರಾತುಗಳ ಅಡಿಯಲ್ಲಿ ಅಂಗಡಿಯ ಹೆಸರು, ಬೀದಿ, ಊರು, ಅಂಚೆಪೆಟ್ಟಿಗೆಯ ಸಂಖ್ಯೆ ಇವುಗಳಿಗೆ ಹೊಸ ಬೆಲೆ ಬಂದಿತು. ಅದಕ್ಕೂ ಹತ್ತು ವರ್ಷ ಮೊದಲೇ, 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಶಾಸನವು ಪ್ರತಿಯೊಂದು ಪುಸ್ತಕದ ಮೇಲೂ ಮುದ್ರಕನ ಹೆಸರನ್ನೂ ಮುದ್ರಣದ ಸ್ಥಳವನ್ನೂ, ಹಾಗೆಯೇ ಪ್ರಕಾಶಕನ ಹೆಸರು ಸ್ಥಳಗಳನ್ನೂ ಕಾಣಿಸಬೇಕೆಂದು ವಿಧಿಸಿದ್ದಿತು. ಮುದ್ರಣಾಲಯಗಳ ಮೇಲೆ ಸರ್ಕಾರದ ನಿಗಾ ಇರಬೇಕೆಂಬುದೇ ಆ ಶಾಸನಕ್ಕೆ ಪ್ರೇರಣೆಯಾಗಿದ್ದರೂ, ಓದುಗನಿಗೆ ಅದರಿಂದಾದ ಉಪಕಾರ ಸಣ್ಣದಲ್ಲ: ಕನ್ನಡ ಪುಸ್ತಕವೊಂದರ ಮೊದಲ ಪುಟವನ್ನು ತಿರುವಿದ ಯಾವನಾದರೂ ಅದನ್ನು ಹೊರತಂದವರು ಎಲ್ಲಿಯವರೆಂದು ತಿಳಿದು ಅವರಿಗೆ ಕಾಗದ ಬರೆಯಬಹುದಾಗಿದ್ದಿತು.

ತಂತಿಯ ಕಾಲದಲ್ಲಿ ಈ ವಿಳಾಸ ಮತ್ತಷ್ಟು ಸಂಕ್ಷಿಪ್ತವಾಯಿತು. ವಿಳಾಸದ ಮಾತುಗಳಿಗೂ ತೆರಬೇಕಾಗಿದ್ದ ದರವನ್ನು ಉಳಿಸುವುದಕ್ಕಾಗಿ ವರ್ತಕರು ವರ್ಷಕ್ಕಿಷ್ಟೆಂದು ಶುಲ್ಕ ಕಟ್ಟಿ ಒಂದೇ ಪದದ ತಂತಿ ವಿಳಾಸವನ್ನು ನೋಂದಾಯಿಸಿಕೊಳ್ಳುತ್ತಿದ್ದರು. ಆ ಪದವನ್ನೂ ಊರಿನ ಹೆಸರನ್ನೂ ಬರೆದರೆ ಸಾಕು, ತಂತಿ ಅಂಗಡಿಯ ಬಾಗಿಲಿಗೆ ಬರುತ್ತಿದ್ದಿತು. ಹಳೆಯ ಸಂಸ್ಥೆಗಳ ಪತ್ರಶೀರ್ಷಿಕೆಗಳಲ್ಲಿ ದೂರವಾಣಿಯ ಸಂಖ್ಯೆಯ ಪಕ್ಕದಲ್ಲಿ ಈ ಪದ ಇರುತ್ತಿದ್ದುದನ್ನು ಇಂದಿಗೂ ನೋಡಬಹುದು. 2013ರ ಜುಲೈಯಲ್ಲಿ ನಮ್ಮ ಸರ್ಕಾರ ತಂತಿ ಸೇವೆಯನ್ನು ಮುಗಿಸಿದಾಗ ಆ ಪದಗಳೆಲ್ಲ ನಿರರ್ಥಕವಾದುವು. ಆದರೆ ಅವುಗಳ ಸ್ವಭಾವವನ್ನು ಇಲ್ಲಿ ಗಮನಿಸಬೇಕು. ಅವು ಬಚ್ಚಿಡುವುದಕ್ಕಾಗಿ ಹುಟ್ಟಿದವಲ್ಲ, ಹರಡುವುದಕ್ಕಾಗಿ ಹುಟ್ಟಿದವು. ಎಷ್ಟು ಜನರ ನಾಲಗೆಯ ಮೇಲೆ ನಿಂತರೆ ಅಷ್ಟು ಲಾಭ.

ಅದೇ ಕಾಲದ ಕ್ಯಾಟಲಾಗುಗಳಲ್ಲಿ ಇನ್ನೊಂದು ಪತ್ರವೂ ಇರುತ್ತಿದ್ದಿತು. ಹೆಸರು, ಗ್ರಾಮ, ಅಂಚೆ, ಹತ್ತಿರದ ರೈಲ್ವೆ ನಿಲ್ದಾಣ, ಬೇಕಾದ ವಸ್ತು, ಎಷ್ಟು, ಬೆಲೆ ಎಂದು ಗೆರೆ ಎಳೆದು ಖಾಲಿ ಬಿಟ್ಟ ಆರ್ಡರ್ ಫಾರಂ. ಬರೆಯುವುದರಲ್ಲಿ ಅಭ್ಯಾಸವಿಲ್ಲದ ಗಿರಾಕಿಗೆ ಅದು ಕೈಹಿಡಿದು ನಡೆಸುವ ಸಹಾಯ, ಗುಮಾಸ್ತನಿಗೆ ಶ್ರಮದ ಉಳಿತಾಯ. ಇಂದಿನ ಜಾಲತಾಣಗಳಲ್ಲಿ ಕಾಣುವ ಸಂಪರ್ಕ ಫಾರಮಿಗೆ ಇದೇ ಪೂರ್ವಜನೆಂದು ನಾನು ತಿಳಿಯುತ್ತೇನೆ. ಆದರೆ ಈ ಪೂರ್ವಜನಿಗೂ ವಿಳಾಸಕ್ಕೂ ಎಂದೂ ವೈರವಿರಲಿಲ್ಲ. ಫಾರಮನ್ನು ತುಂಬಿದವನು ತುಂಬಲಿ, ತನ್ನದೇ ಮಾತಿನಲ್ಲಿ ಕಾಗದ ಬರೆಯುವವನು ಬರೆಯಲಿ, ಎರಡೂ ಒಂದೇ ವಿಳಾಸಕ್ಕೆ ಬರುತ್ತಿದ್ದುವು. ರಿಜಿಸ್ಟರು ಮಾಡಿದವನ ಕೈಯಲ್ಲಿ ಅಂಚೆಕಚೇರಿಯ ರಸೀತಿ, ಕಾರ್ಬನ್ ಹಾಳೆ ಇಟ್ಟು ಬರೆದವನ ಪೆಟ್ಟಿಗೆಯಲ್ಲಿ ಅದರ ನಕಲು ಉಳಿಯುತ್ತಿದ್ದುವು. ಫಾರಮು ವಿಳಾಸದ ಸ್ಥಾನವನ್ನೇ ಆಕ್ರಮಿಸಿಕೊಂಡದ್ದು ನಮ್ಮ ಕಾಲದ ಸಂಗತಿ, ಮತ್ತು ಅದಕ್ಕೆ ಕಾರಣವಾದದ್ದು ವರ್ತಕನ ದುರುದ್ದೇಶವಲ್ಲ, ಅವನು ಅನುಭವಿಸಿದ ಉಪದ್ರವ.

1971ರಲ್ಲಿ ಅಮೆರಿಕದ ಕೇಂಬ್ರಿಜ್ ಪಟ್ಟಣದ ಬಿಬಿಎನ್ ಸಂಸ್ಥೆಯಲ್ಲಿದ್ದ ರೇ ಟಾಮ್ಲಿನ್ಸನ್ ಎಂಬ ಎಂಜಿನಿಯರು, ಒಂದು ಗಣಕದಿಂದ ಇನ್ನೊಂದು ಗಣಕದಲ್ಲಿರುವ ವ್ಯಕ್ತಿಗೆ ಸಂದೇಶವನ್ನು ಕಳುಹಿಸುವ ಕ್ರಮವನ್ನು ಕಂಡುಹಿಡಿದು, ವ್ಯಕ್ತಿಯ ಹೆಸರಿಗೂ ಯಂತ್ರದ ಹೆಸರಿಗೂ ನಡುವೆ ಇಂದು ಎಲ್ಲರೂ ಬಲ್ಲ ಆ ಸುರುಳಿಯ ಚಿಹ್ನೆಯನ್ನು ಇಟ್ಟನು. ಅಲ್ಲಿಂದ ಸುಮಾರು ಇಪ್ಪತ್ತು ವರ್ಷ ಆ ವಿಳಾಸಗಳು ವಿದ್ವಾಂಸರ ಮತ್ತು ಯಂತ್ರಜ್ಞರ ಬಳಗದಲ್ಲಿಯೇ ಓಡಾಡಿಕೊಂಡಿದ್ದುವು. 1991ರಲ್ಲಿ ಜಿನೀವದ ಸರ್ನ್ ಪ್ರಯೋಗಶಾಲೆಯಿಂದ ಟಿಮ್ ಬರ್ನರ್ಸ್-ಲೀ ತನ್ನ ಜಾಲವನ್ನು ಲೋಕಕ್ಕೆ ತೆರೆದಿಟ್ಟ ಮೇಲೆ ಪುಟದ ಅಡಿಯಲ್ಲಿ ಅದನ್ನು ಬರೆದವನ ಇ-ಮೇಲ್ ವಿಳಾಸವನ್ನು ಕಾಣಿಸುವುದು ಶಿಷ್ಟಾಚಾರವಾಯಿತು; ಅದನ್ನು ಮುಟ್ಟಿದ ಕೂಡಲೆ ಪತ್ರ ಬರೆಯುವ ಕಿಟಕಿ ತೆರೆದುಕೊಳ್ಳುವಂತೆ ಮಾಡುವ ‘ಮೇಲ್‌ಟು’ ಎಂಬ ಕೊಂಡಿಗೆ 1994ರ ಡಿಸೆಂಬರಿನಲ್ಲಿ ಅಧಿಕೃತ ಲಕ್ಷಣಗ್ರಂಥವೊಂದರಲ್ಲಿ ಸ್ಥಾನ ದೊರೆಯಿತು. 1997ರಲ್ಲಿ ಡೇವ್ ಕ್ರಾಕರ್ ರಚಿಸಿದ ಮತ್ತೊಂದು ಲಕ್ಷಣಪತ್ರವು, ವಿಚಾರಣೆಗೆ ‘ಇನ್ಫೊ’, ಮಾರಾಟಕ್ಕೆ ‘ಸೇಲ್ಸ್’, ತೊಂದರೆಗೆ ‘ಸಪೋರ್ಟ್’ ಎಂಬ ಸಾಮಾನ್ಯ ಹೆಸರುಗಳನ್ನು ಪ್ರತಿಯೊಂದು ಸಂಸ್ಥೆಯೂ ಇಟ್ಟುಕೊಂಡರೆ ಅಪರಿಚಿತನೂ ಊಹೆಯಿಂದಲೇ ಸರಿಯಾದ ಬಾಗಿಲನ್ನು ತಟ್ಟಬಹುದೆಂದು ಸೂಚಿಸಿದ್ದಿತು. ಎಂಥ ಉದಾರವಾದ ಕಲ್ಪನೆ! ಕಾಣದ ಗಿರಾಕಿಗೆ ಕೇಳದೆಯೇ ವಿಳಾಸ ಗೊತ್ತಿರಬೇಕೆಂಬ ಆ ಆಶಯದಲ್ಲಿ ತಂತಿ ವಿಳಾಸದ ಕಾಲದ ಸೌಜನ್ಯವೇ ಇನ್ನೊಂದು ರೂಪದಲ್ಲಿ ಕಾಣಿಸಿಕೊಂಡಿದೆ.

ಭಾರತದಲ್ಲಿ ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಅಂತರಜಾಲವನ್ನು ಒದಗಿಸಿದ್ದು 1995ರ ಆಗಸ್ಟ್ 15ರಂದು. ಬೆಂಗಳೂರಿನ ಬಳಕೆದಾರರ ವಿಳಾಸಗಳಿಗೆ ‘ಬಿಜಿಎಲ್ ಡಾಟ್ ವಿಎಸ್‌ಎನ್‌ಎಲ್ ಡಾಟ್ ನೆಟ್ ಡಾಟ್ ಇನ್’ ಎಂಬ ಉದ್ದನೆಯ ಬಾಲವಿರುತ್ತಿದ್ದುದನ್ನು ಆ ಕಾಲದವರು ಮರೆತಿರಲಾರರು. ಮರುವರ್ಷವೇ, ಬೆಂಗಳೂರಿನಲ್ಲಿ ಬೆಳೆದು ವಿದ್ಯಾಭ್ಯಾಸ ಮಾಡಿದ ಸಬೀರ್ ಭಾಟಿಯಾ ತನ್ನ ಮಿತ್ರ ಜ್ಯಾಕ್ ಸ್ಮಿತ್ ಜೊತೆಗೂಡಿ 1996ರ ಜುಲೈ 4ರಂದು ಹಾಟ್‌ಮೇಲನ್ನು ಆರಂಭಿಸಿದ ಮೇಲೆ, ಸ್ವಂತ ಗಣಕವಿಲ್ಲದ ಚಿಕ್ಕ ವರ್ತಕನೂ ಸೈಬರ್ ಕೆಫೆಯಲ್ಲಿ ಕುಳಿತು ಕಾಸು ಖರ್ಚಿಲ್ಲದೆ ವಿಳಾಸವೊಂದನ್ನು ಪಡೆಯುವಂತಾಯಿತು. ಅಂಗಡಿಯ ಬೋರ್ಡಿನ ಮೇಲೂ ಬಿಲ್ಲಿನ ಪುಸ್ತಕದ ಮೇಲೂ ವಿಸಿಟಿಂಗ್ ಕಾರ್ಡಿನ ಮೇಲೂ ಇ-ಮೇಲ್ ವಿಳಾಸವನ್ನು ಬರೆಸಿಕೊಳ್ಳುವುದು ಗೌರವದ ಗುರುತಾಯಿತು.

ಇತ್ತ ಫಾರಮಿನ ಕಥೆ ಬೇರೊಂದು ಹಾದಿಯಲ್ಲಿ ನಡೆದಿದ್ದಿತು. 1993ರಲ್ಲಿ ಡೇವ್ ರ‍್ಯಾಗೆಟ್ ಜಾಲದ ಪುಟಕ್ಕೆ ತುಂಬುವ ಮನೆಗಳನ್ನೂ ಒತ್ತುವ ಗುಂಡಿಯನ್ನೂ ಸೇರಿಸುವ ಕ್ರಮವನ್ನು ಸೂಚಿಸಿದನು. ಅದೇ ವರ್ಷದ ಕೊನೆಯ ಹೊತ್ತಿಗೆ ಇಲಿನಾಯ್ ವಿಶ್ವವಿದ್ಯಾನಿಲಯದ ಎನ್‌ಸಿಎಸ್‌ಎ ಕೇಂದ್ರದ ಮೊಸಾಯಿಕ್ ಎಂಬ ಬ್ರೌಸರು ಫಾರಮುಗಳನ್ನು ತೋರಿಸಬಲ್ಲದಾಯಿತು. ತುಂಬಿದ ಮಾತುಗಳನ್ನು ದೂರದ ಯಂತ್ರದಲ್ಲಿದ್ದ ಪ್ರೋಗ್ರಾಮಿಗೆ ಒಪ್ಪಿಸುವ ಸಿಜಿಐ ಎಂಬ ವ್ಯವಸ್ಥೆಯೂ ಅಲ್ಲಿಯೇ ರೂಪುಗೊಂಡಿತು. 1995ರಲ್ಲಿ ಕೊಲರಾಡೊ ಪ್ರಾಂತದ ಮ್ಯಾಟ್ ರೈಟ್ ಎಂಬ ವಿದ್ಯಾರ್ಥಿಯು, ತುಂಬಿದ ಫಾರಮನ್ನು ಇ-ಮೇಲಾಗಿ ಮಾರ್ಪಡಿಸಿ ಯಜಮಾನನಿಗೆ ತಲುಪಿಸುವ ‘ಫಾರ್ಮ್‌ಮೇಲ್’ ಎಂಬ ಸಣ್ಣ ಪ್ರೋಗ್ರಾಮನ್ನು ಬರೆದು ಎಲ್ಲರಿಗೂ ಉಚಿತವಾಗಿ ಹಂಚಿದನು. ಅದು ಲೋಕದ ಅಸಂಖ್ಯ ಚಿಕ್ಕ ಅಂಗಡಿಗಳ ಜಾಲತಾಣಗಳನ್ನು ಸೇರಿತು. ಆಗಿನ ಉದ್ದೇಶದಲ್ಲಿ ಮರೆಮಾಚುವಿಕೆಯ ಲೇಶವೂ ಇರಲಿಲ್ಲ. ಕಾಲೇಜಿನ ಪ್ರಯೋಗಶಾಲೆಯಲ್ಲಿಯೋ ಗ್ರಂಥಾಲಯದಲ್ಲಿಯೋ ಪರರ ಯಂತ್ರದ ಮುಂದೆ ಕುಳಿತವನಿಗೆ ‘ಮೇಲ್‌ಟು’ ಕೊಂಡಿಯನ್ನು ಒತ್ತಿದರೆ ಏನೂ ಆಗುತ್ತಿರಲಿಲ್ಲ, ಅಥವಾ ಬೇರೊಬ್ಬರ ಹೆಸರಿನ ಪತ್ರ ತೆರೆದುಕೊಳ್ಳುತ್ತಿದ್ದಿತು; ಅಂಥವನಿಗೆ ಫಾರಮು ನಿಜವಾದ ಅನುಕೂಲ. ಹೀಗೆ ಕೆಲವು ಕಾಲ ವಿಳಾಸವೂ ಫಾರಮೂ ಹಳೆಯ ಕ್ಯಾಟಲಾಗಿನಲ್ಲಿದ್ದಂತೆಯೇ ಒಂದೇ ಪುಟದಲ್ಲಿ ಅನ್ಯೋನ್ಯವಾಗಿ ಬಾಳಿದುವು.

ಈ ಅನ್ಯೋನ್ಯವನ್ನು ಕೆಡಿಸಿದ್ದು ಸ್ಪ್ಯಾಮ್, ಎಂದರೆ ಕೇಳದೆಯೇ ಬಂದು ಬೀಳುವ ಪ್ರಚಾರದ ಕಾಗದ. ಅದರ ಬೀಜ ಹಳೆಯದು: 1978ರ ಮೇ 3ರಂದು ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪೆನಿಯ ಗ್ಯಾರಿ ಥರ್ಕ್ ಎಂಬ ಮಾರಾಟಗಾರನು ತನ್ನ ಹೊಸ ಗಣಕಗಳ ಪ್ರಚಾರಪತ್ರವನ್ನು ಅಂದಿನ ಗಣಕಜಾಲವಾದ ಅರ್ಪಾನೆಟ್ಟಿನ ಸುಮಾರು 400 ಜನರಿಗೆ ಒಮ್ಮೆಗೇ ಕಳುಹಿಸಿ ಬಹುಮಂದಿಯ ಕೋಪಕ್ಕೆ ಗುರಿಯಾಗಿದ್ದನು. ಆದರೆ ಆ 400 ಹೆಸರುಗಳನ್ನು ಮನುಷ್ಯರು ಕೈಯಾರೆ ಟೈಪು ಮಾಡಬೇಕಾಗಿದ್ದಿತು. ತೊಂಬತ್ತರ ದಶಕದ ಮಧ್ಯದಲ್ಲಿ ಬಂದ ಕೊಯ್ಲಿನ ಪ್ರೋಗ್ರಾಮುಗಳಿಗೆ ಆ ಶ್ರಮವಿಲ್ಲ. ಅವು ಹಗಲೂ ರಾತ್ರಿಯೂ ಜಾಲದ ಪುಟಗಳನ್ನು ಒಂದಾದಮೇಲೊಂದು ತೆರೆದು, ಟಾಮ್ಲಿನ್ಸನ್ ಇಟ್ಟ ಆ ಚಿಹ್ನೆ ಎಲ್ಲಿ ಕಂಡರೆ ಅಲ್ಲಿ ಅದರ ಎಡಬಲದ ಅಕ್ಷರಗಳನ್ನು ಹೆಕ್ಕಿಕೊಂಡು, ಲಕ್ಷಗಟ್ಟಲೆ ವಿಳಾಸಗಳ ಪಟ್ಟಿಯನ್ನು ಕಟ್ಟಿ ಮಾರುತ್ತಿದ್ದುವು. ಅಮೆರಿಕದ ಸೆಂಟರ್ ಫಾರ್ ಡೆಮಾಕ್ರಸಿ ಅಂಡ್ ಟೆಕ್ನಾಲಜಿ ಎಂಬ ಸಂಸ್ಥೆ 2003ರ ಮಾರ್ಚಿನಲ್ಲಿ ಪ್ರಕಟಿಸಿದ ಪರೀಕ್ಷೆಯ ಫಲಿತಾಂಶ ಈ ಸಂಗತಿಯನ್ನು ನಿಸ್ಸಂದೇಹವಾಗಿ ಸ್ಥಾಪಿಸಿತು. ಅವರು ನೂರಾರು ಹೊಸ ವಿಳಾಸಗಳನ್ನು ಸೃಷ್ಟಿಸಿ, ಒಂದೊಂದನ್ನು ಒಂದೊಂದು ಉಪಯೋಗಕ್ಕೆ ಮಾತ್ರ ಬಳಸಿ, ಆರು ತಿಂಗಳು ಕಾದು ನೋಡಿದರು. ಬಂದ 8,800ಕ್ಕೂ ಮಿಕ್ಕ ಸ್ಪ್ಯಾಮುಗಳಲ್ಲಿ ನೂರಕ್ಕೆ 97ರಷ್ಟು, ಸಾರ್ವಜನಿಕ ಜಾಲತಾಣದ ಪುಟದಲ್ಲಿ ಅಚ್ಚಾಗಿದ್ದ ವಿಳಾಸಗಳಿಗೇ ಬಂದಿದ್ದುವು.

ಈ ಹಾವಳಿಯ ಭಾರ ಚಿಕ್ಕ ವರ್ತಕನ ಮೇಲೆ ಬಿದ್ದಷ್ಟು ಬೇರಾರ ಮೇಲೂ ಬೀಳಲಿಲ್ಲವೆಂದು ನನ್ನ ನಂಬಿಕೆ. ದೊಡ್ಡ ಕಂಪೆನಿಗೆ ಕಾಗದಗಳನ್ನು ವಿಂಗಡಿಸುವ ಗುಮಾಸ್ತರಿದ್ದರು, ತಂತ್ರಜ್ಞರಿದ್ದರು; ಹೂಗುಚ್ಛ ಮಾರುವವನಿಗೆ, ಪಿಯಾನೊ ಶ್ರುತಿ ಮಾಡುವವನಿಗೆ, ಮೂರು ಕೋಣೆಗಳ ವಸತಿಗೃಹ ನಡೆಸುವ ವಿಧವೆಗೆ ಇದ್ದದ್ದು ಒಂದೇ ಪೆಟ್ಟಿಗೆ, ಮತ್ತು ಮೋಡೆಮ್ ಮೂಲಕ ಅದನ್ನು ಇಳಿಸಿಕೊಳ್ಳುವ ಪ್ರತಿ ನಿಮಿಷಕ್ಕೂ ಅನೇಕ ದೇಶಗಳಲ್ಲಿ ದೂರವಾಣಿಯ ಬಿಲ್ಲು ಬೆಳೆಯುತ್ತಿದ್ದಿತು. ನೂರು ಕೊಳಕು ಕಾಗದಗಳ ನಡುವೆ ಒಂದು ನಿಜವಾದ ಆರ್ಡರು ಅಳಿಸಿಹೋದರೆ ಅದು ಅವರ ಆ ವಾರದ ಸಂಪಾದನೆ. ಆದ್ದರಿಂದ ಅವರು ವಿಳಾಸವನ್ನು ವಿರೂಪಗೊಳಿಸತೊಡಗಿದರು: ಕೆಲವರು ಚಿಹ್ನೆಗೆ ಬದಲಾಗಿ ‘ಆ್ಯಟ್’ ಎಂದೇ ಬರೆದರು, ಕೆಲವರು ವಿಳಾಸವನ್ನು ಚಿತ್ರವಾಗಿ ಮಾಡಿ ಅಂಟಿಸಿದರು. ಮೇಲೆ ಹೇಳಿದ ಪರೀಕ್ಷೆಯಲ್ಲಿ ಹೀಗೆ ವೇಷ ಮರೆಸಿದ ವಿಳಾಸಗಳಿಗೆ ಒಂದೇ ಒಂದು ಸ್ಪ್ಯಾಮೂ ಬರಲಿಲ್ಲವೆಂಬುದು ಗಮನಾರ್ಹ. 2003ರ ಡಿಸೆಂಬರಿನಲ್ಲಿ ಅಮೆರಿಕದ ಶಾಸನವು, ವಿಳಾಸಗಳನ್ನು ಹೀಗೆ ಕೊಯ್ದು ಬಳಸುವುದು ಅಪರಾಧವನ್ನು ಉಲ್ಬಣಗೊಳಿಸುವ ಕೃತ್ಯವೆಂದು ಸಾರಿತು. 2004ರಲ್ಲಿ ‘ಪ್ರಾಜೆಕ್ಟ್ ಹನಿ ಪಾಟ್’ ಎಂಬ ಯೋಜನೆಯವರು, ಪ್ರತಿ ಸಂದರ್ಶನಕ್ಕೂ ಬೇರೆ ಬೇರೆ ವಿಳಾಸವನ್ನು ಪುಟದಲ್ಲಿ ಹುದುಗಿಸಿಟ್ಟು, ಯಾವ ಕೊಯ್ಲುಗಾರ ಯಾವ ಹೊತ್ತಿನಲ್ಲಿ ಅದನ್ನು ಕದ್ದನೆಂದು ಪತ್ತೆಹಚ್ಚುವ ಉಪಾಯವನ್ನು ಹೂಡಿದರು. ಇಷ್ಟರಲ್ಲಿ ಬಹುಮಂದಿ ವರ್ತಕರು ಬೇಸತ್ತು ವಿಳಾಸವನ್ನು ಸಂಪೂರ್ಣವಾಗಿ ಅಳಿಸಿ ಫಾರಮಿನ ಆಶ್ರಯವನ್ನು ಹೊಕ್ಕಿದ್ದರು.

ಆ ಆಶ್ರಯವೂ ಭದ್ರವಾಗಿರಲಿಲ್ಲ. ಫಾರ್ಮ್‌ಮೇಲಿನ ಆರಂಭದ ಆವೃತ್ತಿಗಳಲ್ಲಿ, ಕಾಗದವನ್ನು ಯಾರಿಗೆ ತಲುಪಿಸಬೇಕೆಂಬ ವಿಳಾಸವು ಪುಟದಲ್ಲಿಯೇ, ಕಣ್ಣಿಗೆ ಕಾಣದಂತೆ, ಒಂದು ಮನೆಯಲ್ಲಿ ಬರೆದಿರುತ್ತಿದ್ದಿತು. ವಂಚಕರು ಆ ಮನೆಯಲ್ಲಿ ತಮಗೆ ಬೇಕಾದ ವಿಳಾಸಗಳನ್ನು ತುಂಬಿ, ಅಂಗಡಿಯವನ ಯಂತ್ರದಿಂದಲೇ ಲೋಕಕ್ಕೆಲ್ಲ ಸ್ಪ್ಯಾಮನ್ನು ಬಿತ್ತತೊಡಗಿದರು. ದೂರು ಮಾತ್ರ ಏನೂ ಅರಿಯದ ಅಂಗಡಿಯವನ ಮೇಲೆ ಬರುತ್ತಿದ್ದಿತು. ಆ ರಂಧ್ರವನ್ನು ಮುಚ್ಚಿದ ಮೇಲೆ, ವಿಷಯದ ಸಾಲಿನಲ್ಲಿ ಒಂದು ಸಾಲುಮುರಿತವನ್ನು ಸೇರಿಸಿ ಅದರ ಹಿಂದೆ ಗುಪ್ತ ಪ್ರತಿಗಳ ಪಟ್ಟಿಯನ್ನು ನುಗ್ಗಿಸುವ ಇನ್ನೊಂದು ಕುಟಿಲೋಪಾಯ ಹುಟ್ಟಿತು. ಅನಂತರ ಯಂತ್ರಗಳು ಫಾರಮುಗಳನ್ನು ತಾವೇ ತುಂಬಲಾರಂಭಿಸಿದುವು. ಅವನ್ನು ತಡೆಯುವುದಕ್ಕೆ ಸೊಟ್ಟ ಅಕ್ಷರಗಳನ್ನು ಓದಿಸುವ ಪರೀಕ್ಷೆ ಬಂದಿತು. ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ಲೂಯಿಸ್ ವಾನ್ ಆನ್, ಮ್ಯಾನ್ಯುಯೆಲ್ ಬ್ಲಮ್ ಮತ್ತು ಅವರ ಸಹೋದ್ಯೋಗಿಗಳು ‘ಕ್ಯಾಪ್ಚಾ’ ಎಂದು ಹೆಸರಿಟ್ಟ ಈ ಪರೀಕ್ಷೆಯು ಕುರುಡರಿಗೂ ಮಂದದೃಷ್ಟಿಯವರಿಗೂ ಬಾಗಿಲನ್ನೇ ಮುಚ್ಚುತ್ತದೆಂದು ಜಾಲದ ಲಕ್ಷಣಗಳನ್ನು ನಿರ್ಣಯಿಸುವ ಡಬ್ಲ್ಯು3ಸಿ ಸಂಸ್ಥೆ 2005ರಲ್ಲಿಯೇ ಎಚ್ಚರಿಸಿದ್ದಿತು. ಒಬ್ಬ ಅಂಧ ಗಿರಾಕಿ ಅಗರಬತ್ತಿಯ ಬೆಲೆಯನ್ನು ಕೇಳಬೇಕಾದರೆ ತಾನು ಮನುಷ್ಯನೆಂದು ಕಣ್ಣಿನ ಸಾಕ್ಷಿಯಿಂದ ಸಾಧಿಸಬೇಕಾಗಿ ಬಂದದ್ದು ಎಷ್ಟು ಅನ್ಯಾಯ!

2003ರಲ್ಲಿ ಜಾಲತಾಣ ಕಟ್ಟುವ ಸಾಧನವಾದ ವರ್ಡ್‌ಪ್ರೆಸ್, 2007ರಲ್ಲಿ ಜಪಾನಿನ ತಾಕಾಯುಕಿ ಮಿಯೋಶಿ ರಚಿಸಿದ ‘ಕಾಂಟ್ಯಾಕ್ಟ್ ಫಾರ್ಮ್ 7’, ಇವು ಬಂದ ಮೇಲೆ ಫಾರಮನ್ನು ಸ್ಥಾಪಿಸುವುದಕ್ಕೆ ಯಾವ ವಿದ್ಯೆಯೂ ಬೇಡವಾಯಿತು. ಎರಡನೆಯದೊಂದೇ ಅರ್ಧ ಕೋಟಿಗೂ ಮಿಕ್ಕ ಜಾಲತಾಣಗಳಲ್ಲಿ ನೆಲೆಸಿತು. ಇಷ್ಟರಲ್ಲಿ ಸ್ಪ್ಯಾಮನ್ನು ಶೋಧಿಸುವ ಕಲೆಯೂ ಬೆಳೆದಿದ್ದಿತು. 2002ರಲ್ಲಿ ಪಾಲ್ ಗ್ರಹಾಂ ಸಂಭವಗಣಿತದ ಆಧಾರದಿಂದ ಸೂಚಿಸಿದ ಮಾರ್ಗವು ಪ್ರಚಾರಕ್ಕೆ ಬಂದು, 2004ರಲ್ಲಿ ಜಿಮೇಲ್ ಆರಂಭವಾಗಿ, ಹತ್ತು ವರ್ಷಗಳ ಅವಧಿಯಲ್ಲಿ ಸಾಮಾನ್ಯನ ಪೆಟ್ಟಿಗೆ ಬಹುಮಟ್ಟಿಗೆ ಶುಚಿಯಾಯಿತು. ವಿಳಾಸವನ್ನು ಮರೆಮಾಡುವುದಕ್ಕಿದ್ದ ಮುಖ್ಯ ಕಾರಣ ಹೀಗೆ ಶಿಥಿಲವಾದರೂ ಅಭ್ಯಾಸ ಹಾಗೆಯೇ ನಿಂತಿತು; ಜ್ವರ ಬಿಟ್ಟ ಮೇಲೂ ಪಥ್ಯವನ್ನು ಬಿಡದ ರೋಗಿಯಂತೆ ವರ್ತಕನು ಫಾರಮನ್ನೇ ಹಿಡಿದುಕೊಂಡನು.

ಅದರಿಂದ ಅವನಿಗಾದ ನಷ್ಟ ಅವನಿಗೇ ತಿಳಿಯದಂಥದು. ಅನೇಕ ಫಾರಮುಗಳು, ಬರೆದ ಗಿರಾಕಿಯ ವಿಳಾಸದಿಂದಲೇ ಕಾಗದ ಬಂದಂತೆ ತೋರಿಸಿ ಯಜಮಾನನಿಗೆ ಕಳುಹಿಸುತ್ತಿದ್ದುವು. 2014ರ ಏಪ್ರಿಲಿನಲ್ಲಿ ಯಾಹೂ ಸಂಸ್ಥೆಯು, ತನ್ನ ಯಂತ್ರಗಳಿಂದ ಹೊರಡದೆ ತನ್ನ ಹೆಸರನ್ನು ಹೊತ್ತು ಬರುವ ಕಾಗದಗಳನ್ನು ತಿರಸ್ಕರಿಸಿರೆಂದು ಲೋಕದ ಅಂಚೆಯಂತ್ರಗಳಿಗೆಲ್ಲ ಪ್ರಕಟಣೆ ಕೊಟ್ಟಿತು. ಮೋಸವನ್ನು ತಡೆಯುವುದಕ್ಕೆ ಅದು ಯುಕ್ತವಾದ ಕ್ರಮವೇ. ಆದರೆ ಯಾಹೂ ವಿಳಾಸವುಳ್ಳ ಗಿರಾಕಿ ತುಂಬಿದ ಫಾರಮು ಅಂಗಡಿಗೆ ಮುಟ್ಟದೆ ದಾರಿಯಲ್ಲಿಯೇ ಲಯವಾಗುವಂತಾಯಿತು. ಗುಂಡಿ ಒತ್ತಿದವನಿಗೆ ‘ನಿಮ್ಮ ಸಂದೇಶ ತಲುಪಿದೆ, ವಂದನೆಗಳು’ ಎಂಬ ಪುಟ ಕಾಣುತ್ತಿದ್ದಿತು. ವರ್ತಕನ ಪೆಟ್ಟಿಗೆ ಬರಿದಾಗಿರುತ್ತಿದ್ದಿತು. ಒಬ್ಬನು ಉತ್ತರ ಬರಲಿಲ್ಲವೆಂದು ನೊಂದುಕೊಂಡನು, ಮತ್ತೊಬ್ಬನು ವ್ಯಾಪಾರ ಇಳಿಯಿತೆಂದು ಚಿಂತಿಸಿದನು. ಇ-ಮೇಲಾಗಿದ್ದರೆ ತಲುಪದ ಕಾಗದ ಸಾಮಾನ್ಯವಾಗಿ ಕಾರಣದೊಡನೆ ಕಳುಹಿಸಿದವನಿಗೆ ಮರಳುತ್ತಿದ್ದಿತು.

ಈ ವಿಷಯದಲ್ಲಿ ನನ್ನ ನಿರ್ಣಯವನ್ನು ಸ್ಪಷ್ಟವಾಗಿ ಹೇಳುತ್ತೇನೆ. ಫಾರಮಿನ ಉಪಯೋಗವನ್ನು ನಾನು ಅಲ್ಲಗಳೆಯುವುದಿಲ್ಲ. ಚಿಕ್ಕಮಗಳೂರಿನ ಅಥವಾ ಕೊಡಗಿನ ಹೋಂಸ್ಟೇ ನಡೆಸುವವರಿಗೆ ಎಷ್ಟು ಜನ, ಯಾವ ದಿನಾಂಕದಿಂದ ಯಾವ ದಿನಾಂಕಕ್ಕೆ ಎಂಬುದು ಮೊದಲ ಕಾಗದದಲ್ಲಿಯೇ ತಿಳಿದರೆ ನಾಲ್ಕು ಸಲ ಬರೆಯುವ ಶ್ರಮ ಉಳಿಯುತ್ತದೆ. ಆದರೆ ಫಾರಮು ಮಾತ್ರವೇ ಇದ್ದು ವಿಳಾಸವಿಲ್ಲದಿರುವಾಗ ಗಿರಾಕಿಯು ಕಳೆದುಕೊಳ್ಳುವುದು ತನ್ನ ಕಾಗದದ ನಕಲನ್ನು. ತಾನು ಯಾವ ದಿನ, ಯಾರಿಗೆ, ಯಾವ ಮಾತಿನಲ್ಲಿ ಬರೆದೆನೆಂಬುದಕ್ಕೆ ಅವನ ಬಳಿ ಏನೂ ಉಳಿಯದು. ಒಡೆದು ಬಂದ ಜಾಡಿಯ ಚಿತ್ರವನ್ನು ಲಗತ್ತಿಸುವುದಕ್ಕೆ ಬಹುತೇಕ ಫಾರಮುಗಳಲ್ಲಿ ಎಡೆಯಿರದು. ದೂರವಾಣಿಯ ಸಂಖ್ಯೆಯನ್ನು ಕೊಡಲೊಲ್ಲದವನಿಗೆ ಆ ಮನೆಯನ್ನು ತುಂಬದೆ ಮುಂದೆ ಹೋಗಲು ಬಾರದು. ಕಾಗದ ಬರೆಯುವವನಿಗೆ ಇದ್ದ ಸ್ವಾತಂತ್ರ್ಯ ಮತ್ತು ಸಾಕ್ಷ್ಯ ಎರಡೂ ವರ್ತಕನ ಕೈಗೆ ಹೋದುವು, ಮತ್ತು ಈ ವರ್ಗಾವಣೆ ಯಾರೂ ಕೇಳದೆ, ಯಾರೂ ಒಪ್ಪದೆ ನಡೆದುಹೋಯಿತು.

ಇದನ್ನು ಮೊದಲು ತೂಗಿ ನೋಡಿದ್ದು ಯೂರೋಪಿನ ನ್ಯಾಯಾಲಯಗಳು. ಜರ್ಮನಿಯಲ್ಲಿ ಮುದ್ರಕ ಪ್ರಕಾಶಕರ ಹೆಸರು ಮತ್ತು ವಾಸಸ್ಥಳಗಳನ್ನು ಕಾಣಿಸಬೇಕೆಂಬ ವಿಧಿ 1874ರ ಪತ್ರಿಕಾ ಶಾಸನದಿಂದಲೂ ಇದ್ದು, ಜಾಲತಾಣಗಳ ಕಾಲದಲ್ಲಿ ಅದು ‘ಇಂಪ್ರೆಸ್ಸುಮ್’ ಎಂಬ ಪುಟದ ರೂಪದಲ್ಲಿ ಮುಂದುವರಿಯಿತು. 2000ದ ಯೂರೋಪಿನ ಇ-ವಾಣಿಜ್ಯ ನಿರ್ದೇಶವು, ಸೇವೆ ಒದಗಿಸುವವನು ಇ-ಮೇಲ್ ವಿಳಾಸವೂ ಸೇರಿದಂತೆ ತನ್ನನ್ನು ಶೀಘ್ರವಾಗಿ, ನೇರವಾಗಿ, ಫಲಕಾರಿಯಾಗಿ ಸಂಪರ್ಕಿಸುವ ಮಾರ್ಗವನ್ನು ತಿಳಿಸಬೇಕೆಂದಿತು. ಜಾಲದ ಮೂಲಕವೇ ವ್ಯವಹರಿಸುತ್ತಿದ್ದ ಜರ್ಮನ್ ವಿಮಾ ಕಂಪೆನಿಯೊಂದು ದೂರವಾಣಿಯ ಸಂಖ್ಯೆಯನ್ನು ಕೊಡದೆ ಫಾರಮನ್ನು ಮುಂದಿಟ್ಟಾಗ ಗ್ರಾಹಕ ಸಂಘಗಳ ಒಕ್ಕೂಟ ದಾವೆ ಹೂಡಿತು. 2008ರ ಅಕ್ಟೋಬರ್ 16ರಂದು ಯೂರೋಪಿನ ನ್ಯಾಯಾಲಯ ಕೊಟ್ಟ ತೀರ್ಪಿನಲ್ಲಿ ಸೂಕ್ಷ್ಮವಾದ ವಿವೇಚನೆಯಿದೆ: ಇ-ಮೇಲ್ ವಿಳಾಸದ ಜೊತೆಗೆ ಇರಬೇಕಾದ ಎರಡನೆಯ ಮಾರ್ಗವು ದೂರವಾಣಿಯೇ ಆಗಬೇಕಾಗಿಲ್ಲ, ಫಾರಮಾದರೂ ಸಲ್ಲುತ್ತದೆ, ಆದರೆ ಗ್ರಾಹಕನು ಒಮ್ಮೆ ಸಂಪರ್ಕಿಸಿದ ಮೇಲೆ ಜಾಲದ ಸೌಕರ್ಯವಿಲ್ಲದ ಸ್ಥಿತಿಗೆ ಬಂದು ಬೇಡಿದರೆ ಜಾಲದ ಹೊರಗಿನ ಮಾರ್ಗವನ್ನು ಒದಗಿಸಬೇಕು. ಫಾರಮು ಜೊತೆಗೆ ಬರಬಹುದು, ಬದಲಾಗಿ ಬರುವಂತಿಲ್ಲ ಎಂಬ ಈ ಅರ್ಥವನ್ನು 2013ರ ಮೇ ತಿಂಗಳಲ್ಲಿ ಬರ್ಲಿನ್ನಿನ ಉಚ್ಚ ನ್ಯಾಯಾಲಯವು ಇನ್ನೊಂದು ಮೊಕದ್ದಮೆಯಲ್ಲಿ ಖಚಿತಪಡಿಸಿತು. 2019ರಲ್ಲಿ ಅಂಗೀಕೃತವಾಗಿ 2022ರ ಮೇ 28ರಿಂದ ಅನ್ವಯಕ್ಕೆ ಬಂದ ಯೂರೋಪಿನ ಗ್ರಾಹಕ ಶಾಸನದ ತಿದ್ದುಪಡಿಯು ಮತ್ತೂ ಮುಂದೆ ಹೋಗಿ, ದೂರದಿಂದ ಮಾರುವವನು ದೂರವಾಣಿಯನ್ನೂ ಇ-ಮೇಲ್ ವಿಳಾಸವನ್ನೂ ತಿಳಿಸಬೇಕೆಂದು ವಿಧಿಸಿ, ಇತರ ಮಾರ್ಗಗಳನ್ನು ಒದಗಿಸುವುದಾದರೆ ಅವುಗಳಲ್ಲಿ ಗ್ರಾಹಕನು ತಾನು ಬರೆದದ್ದನ್ನು ದಿನಾಂಕ ಮತ್ತು ವೇಳೆಯ ಸಹಿತ ಉಳಿಸಿಕೊಳ್ಳುವಂತಿರಬೇಕೆಂದು ಹೇಳಿತು. ಕಾರ್ಬನ್ ಹಾಳೆಯ ನಕಲಿಗೆ ಶಾಸನದಲ್ಲಿ ದೊರೆತ ಮನ್ನಣೆಯಿದು. ಓದಿದಾಗ ನನಗೆ ಬಹಳ ಸಂತೋಷವಾಯಿತು.

ನಮ್ಮ ದೇಶದಲ್ಲಿ ಈ ವಿಚಾರ ಜಾಲತಾಣಕ್ಕಿಂತ ಮೊದಲು ಪೊಟ್ಟಣದ ಮೇಲೆ ಬಂದಿತು. 2011ರ ಪೊಟ್ಟಣ ಸರಕುಗಳ ನಿಯಮಗಳ ಪ್ರಕಾರ, ದೂರಿದ್ದರೆ ಸಂಪರ್ಕಿಸಬೇಕಾದ ವ್ಯಕ್ತಿಯ ಅಥವಾ ಕಚೇರಿಯ ಹೆಸರು, ವಿಳಾಸ, ದೂರವಾಣಿ, ಇ-ಮೇಲ್ ಪೊಟ್ಟಣದ ಮೇಲೆಯೇ ಇರತಕ್ಕದ್ದು. ಆದ್ದರಿಂದಲೇ ಮೈಸೂರಿನ ಊದುಬತ್ತಿಯ ಪೊಟ್ಟಣದ ಹಿಂಬದಿಯಲ್ಲಿ, ಬೆಲೆಯ ಕೆಳಗೆ, ಸಣ್ಣ ಅಕ್ಷರಗಳಲ್ಲಿ ಇ-ಮೇಲ್ ವಿಳಾಸವಿರುತ್ತದೆ. 2020ರ ಜುಲೈ 23ರಂದು ಹೊರಟ ಇ-ವಾಣಿಜ್ಯ ನಿಯಮಗಳು ಜಾಲದಲ್ಲಿ ಮಾರುವ ಸಂಸ್ಥೆಗಳಿಗೂ ಇದನ್ನು ವಿಸ್ತರಿಸಿ, ದೂರುಗಳನ್ನು ವಿಚಾರಿಸುವ ಅಧಿಕಾರಿಯ ಹೆಸರು ಮತ್ತು ಸಂಪರ್ಕವನ್ನು ಪ್ರಕಟಿಸಬೇಕೆಂದೂ, ದೂರು ಬಂದ 48 ಗಂಟೆಗಳೊಳಗೆ ಅದನ್ನು ಸ್ವೀಕರಿಸಿದೆನೆಂದು ತಿಳಿಸಿ ಒಂದು ತಿಂಗಳೊಳಗೆ ಪರಿಹರಿಸಬೇಕೆಂದೂ ಗೊತ್ತುಮಾಡಿದುವು. ಆದರೆ 2018ರಲ್ಲಿ ವಾಟ್ಸಾಪ್ ತನ್ನ ವ್ಯಾಪಾರಿಗಳ ಆವೃತ್ತಿಯನ್ನು ತಂದ ಮೇಲೆ ನಮ್ಮ ಚಿಕ್ಕ ವರ್ತಕರಲ್ಲಿ ಬಹುಮಂದಿ ಇ-ಮೇಲನ್ನೂ ಫಾರಮನ್ನೂ ಎರಡನ್ನೂ ಬಿಟ್ಟು ಮೊಬೈಲ್ ಸಂಖ್ಯೆಯನ್ನೇ ಬೋರ್ಡಿನ ಮೇಲೆ ಬರೆಸಿಕೊಂಡಿದ್ದಾರೆ. ಇಳಕಲ್ಲಿನ ಸೀರೆಯನ್ನೋ ಚನ್ನಪಟ್ಟಣದ ಗೊಂಬೆಯನ್ನೋ ಕೇಳುವವನು ಆ ಸಂಖ್ಯೆಗೆ ತನ್ನ ಕನ್ನಡದಲ್ಲಿಯೇ ಬರೆಯುತ್ತಾನೆ, ಬೇಕಾದರೆ ಬಾಯಲ್ಲಿಯೇ ಹೇಳಿ ಕಳುಹಿಸುತ್ತಾನೆ. ಅವನು ಹೇಳಿದ್ದರ ನಕಲೊಂದು ದಿನಾಂಕ ವೇಳೆಗಳೊಡನೆ ಅವನ ಫೋನಿನಲ್ಲಿಯೂ ಉಳಿಯುತ್ತದೆ.